ನಾರಿನಿಂದ ಹುರಿ, ಚೂರಿನಿಂದ ಹಾಳೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಉಂಡೆ ಕೊಬ್ಬರಿಗಾಗಿ ಬಲಿತ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುವುದು ರೂಢಿ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದಾಗ ಗಡಗಡ ಸದ್ದು ಬಂದ ಮೇಲೆ ಕಾಯಿ ಸುಲಿಯುತ್ತಾರೆ. ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ, ಚಿಪ್ಪಿಗೂ ಗಿರಾಕಿಗಳಿದ್ದಾರೆ. ಮಟ್ಟೆಯಲ್ಲಿ ಒಂದಿಷ್ಟು ನಾರಿನ ಕಾರ್ಖಾನೆಗೆ, ಒಂದಿಷ್ಟು ಬಚ್ಚಲ ಒಲೆಗೆ.

ಅದೇ ಮನೆಯ ಮಕ್ಕಳು ಶಾಲೆಯ ಕೈಕೆಲಸಕ್ಕೆಂದು ಪೇಟೆಯಿಂದ ಥರ್ಮೋಕೋಲ್, ಬಣ್ಣದ ಕಾಗದ, ಉಲ್ಲನ್ ದಾರ ಕೊಂಡು ತರುತ್ತಾರೆ. ಕತ್ತರಿಸಿ ಅಂಟಿಸಿದರೆ ನೋಡಲು ಚೆಂದದ ವಸ್ತುವೊಂದು ಸಿದ್ಧ. ಆದರೆ ದಾರ ಹೇಗೆ ದಾರವಾಯಿತು, ಕಾಗದ ಹೇಗೆ ಕಾಗದವಾಯಿತು ಎಂಬುದು ತಿಳಿಯದೇ ಉಳಿಯುತ್ತದೆ. ಅದನ್ನು ತಿಳಿಯಲು ಒಂದೆರಡು ಮಟ್ಟೆ, ಕಳೆದ ವರ್ಷದ ನೋಟ್ ಪುಸ್ತಕ ಮತ್ತು ಒಂದು ವಾರದ ರಜೆ ಸಾಕು.

ಒಂದೇ ವಸ್ತು, ಎರಡು ದಾರಿ

ದಾರಕ್ಕೂ ಕಾಗದಕ್ಕೂ ಮೂಲ ಒಂದೇ: ಗಿಡಮರಗಳ ಚಿಕ್ಕ ಚಿಕ್ಕ ನಾರು. ನಾರನ್ನು ತಿರುಚಿ ಹಿಡಿದಿಟ್ಟರೆ ದಾರ. ನೀರಿನಲ್ಲಿ ಹರಡಿ ಒಣಗಿಸಿದರೆ ಕಾಗದ. ಚೀನಾದ ಆಸ್ಥಾನದ ಅಧಿಕಾರಿ ತ್ಸಾಯ್ ಲುನ್ ಕ್ರಿ.ಶ. 105ರಲ್ಲಿ ಕಾಗದ ಮಾಡುವ ವಿಧಾನವನ್ನು ಚಕ್ರವರ್ತಿಗೆ ಒಪ್ಪಿಸಿದನೆಂದು ಆ ದೇಶದ ಚರಿತ್ರೆ ಹೇಳುತ್ತದೆ. ಅವನು ಬಳಸಿದ ಸಾಮಗ್ರಿಗಳಲ್ಲಿ ಮರದ ತೊಗಟೆ, ಚಿಂದಿ ಬಟ್ಟೆಗಳ ಜೊತೆಗೆ ಹಳೆಯ ಮೀನುಬಲೆಯೂ ಇತ್ತಂತೆ. ಅಂದರೆ ಸವೆದ ಹುರಿಯೇ ಹಾಳೆಯಾಯಿತು. ಜಪಾನೀಯರು ಇದನ್ನೇ ತಿರುಗಿಸಿ, ಕಾಗದವನ್ನು ಸಣ್ಣಗೆ ಸೀಳಿ, ಹೊಸೆದು ದಾರ ಮಾಡಿ, ‘ಶಿಫು’ ಎಂಬ ಬಟ್ಟೆಯನ್ನೇ ನೇಯ್ದರು.

ಮೊದಲು ಒಂದು ಸಣ್ಣ ಪ್ರಯೋಗ

ಒಂದು ಮಾರು ಉದ್ದದ ದಪ್ಪ ಹತ್ತಿಯ ನೂಲು ತೆಗೆದುಕೊಳ್ಳಿ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಗೆ ಪೆನ್ಸಿಲ್ ಕಟ್ಟಿ. ನೂಲು ಸಡಿಲವಾಗದಂತೆ ಎಳೆದು ಹಿಡಿದು, ಪೆನ್ಸಿಲನ್ನು ಒಂದೇ ದಿಕ್ಕಿಗೆ ನೂರೈವತ್ತು ಸಲ ತಿರುಗಿಸಿ. ಈಗ ನೂಲಿನ ನಡುಭಾಗವನ್ನು ಬೆರಳಿನಿಂದ ಹಿಡಿದು, ಎರಡೂ ತುದಿಗಳನ್ನು ಒಟ್ಟಿಗೆ ತಂದು, ನಡುವಿನ ಬೆರಳನ್ನು ಮೆಲ್ಲಗೆ ಬಿಡಿ. ಎರಡು ಭಾಗಗಳೂ ತಾವಾಗಿಯೇ ಒಂದನ್ನೊಂದು ಸುತ್ತಿಕೊಂಡು ದಪ್ಪ ಹುರಿಯಾಗುತ್ತವೆ.

ಇದಕ್ಕೆ ಕಾರಣವೇನು? ತಿರುಚಿದ ಎಳೆ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಆದರೆ ಒಂದು ಎಳೆ ಬಿಚ್ಚಿಕೊಳ್ಳಲು ತಿರುಗಿದರೆ, ಆ ತಿರುಗುವಿಕೆಯೇ ಅದನ್ನು ಪಕ್ಕದ ಎಳೆಗೆ ಬಿಗಿಯಾಗಿ ಸುತ್ತುತ್ತದೆ. ಒಂದು ಕಡೆ ಬಿಚ್ಚುವ ಬಲವೇ ಇನ್ನೊಂದು ಕಡೆ ಕಟ್ಟುವ ಬಲವಾಗುತ್ತದೆ. ಎರಡೂ ಸಮನಾದಾಗ ಹುರಿ ಸುಮ್ಮನೆ ನಿಲ್ಲುತ್ತದೆ. ಬಾವಿಯ ಹಗ್ಗಕ್ಕೂ ಎತ್ತಿನ ಕಣ್ಣಿಗೂ ಇದೇ ತತ್ವ.

ಮಟ್ಟೆಯಿಂದ ಹುರಿ

ಎರಡು ಮಟ್ಟೆಗಳನ್ನು ಸೀಳಿ ಬಕೆಟ್ಟಿನ ನೀರಿನಲ್ಲಿ, ಮೇಲೆ ಕಲ್ಲು ಹೇರಿ, ನಾಲ್ಕೈದು ದಿನ ನೆನೆಸಿ. ದಿನಕ್ಕೊಮ್ಮೆ ನೀರು ಬದಲಿಸಿ. ಅಟ್ಟದ ಕಾಯಿಯ ಮಟ್ಟೆ ಒಣಗಿ ಬಿರುಸಾಗಿರುವುದರಿಂದ ಅದಕ್ಕೆ ಒಂದು ವಾರ ಬೇಕಾದೀತು. ನೆನೆದ ಮಟ್ಟೆಯನ್ನು ಚಪ್ಪಡಿ ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿದರೆ ಪುಡಿ ಉದುರಿ ನಾರು ಬಿಡಿಸಿಕೊಳ್ಳುತ್ತದೆ. ತೊಳೆದು ನೆರಳಿನಲ್ಲಿ ಒಣಗಿಸಿ, ಹಳೆಯ ಬಾಚಣಿಗೆಯಿಂದ ಬಾಚಿ. ಬಡಿಯುವಾಗ ದೊಡ್ಡವರು ಜೊತೆಗಿರಬೇಕು.

ಹೀಗೆ ಸಿಕ್ಕ ನಾರು ಹೆಚ್ಚೆಂದರೆ ಒಂದು ಗೇಣು, ಒಂದೂವರೆ ಗೇಣು ಉದ್ದ. ಹತ್ತು ಮಾರಿನ ಹಗ್ಗ ಇದರಿಂದ ಹೇಗೆ ಸಾಧ್ಯ? ನಾರನ್ನು ಸ್ವಲ್ಪ ತೇವ ಮಾಡಿ, ಹತ್ತು–ಹದಿನೈದು ನಾರಿನ ಎರಡು ಎಳೆ ಮಾಡಿ, ಎರಡರ ತುದಿಯನ್ನೂ ಒಂದೇ ಮೊಳೆಗೆ ಕಟ್ಟಿ. ಪ್ರತಿ ಎಳೆಯನ್ನೂ ಬಲಕ್ಕೆ ತಿರುಚಿ. ತಿರುಚಿದ ಎರಡನ್ನೂ ಒಂದರ ಮೇಲೊಂದು ಎಡಕ್ಕೆ ಸುತ್ತಿ. ಒಂದು ಎಳೆ ತೆಳ್ಳಗಾಗುತ್ತಿದೆ ಎನ್ನುವಾಗಲೇ ಹೊಸ ನಾರು ಸೇರಿಸಿ ತಿರುಚುತ್ತಾ ಹೋಗಿ. ಎರಡೂ ಎಳೆಗಳಿಗೆ ಒಂದೇ ಜಾಗದಲ್ಲಿ ನಾರು ಸೇರಿಸಬಾರದು; ಅಲ್ಲಿ ಹುರಿ ತುಂಡಾಗುತ್ತದೆ. ಗಂಟು ಎಲ್ಲಿಯೂ ಬೇಡ. ಎಳೆದಾಗ ತಿರುಚಿದ ನಾರುಗಳು ಒಂದನ್ನೊಂದು ಒತ್ತುತ್ತವೆ, ಒತ್ತಿದಷ್ಟೂ ಅವುಗಳ ನಡುವಿನ ಘರ್ಷಣೆ ಹೆಚ್ಚುತ್ತದೆ. ಗೇಣುದ್ದದ ನಾರು ಹತ್ತು ಮಾರಿನ ಹಗ್ಗವಾಗುವುದು ಈ ಘರ್ಷಣೆಯಿಂದ.

ನೋಟ್ ಪುಸ್ತಕದಿಂದ ಹಾಳೆ

ಬರೆದು ಮುಗಿಸಿದ ಹತ್ತು ಹಾಳೆಗಳನ್ನು, ಪಿನ್ನು ಮತ್ತು ನುಣುಪು ರಟ್ಟು ತೆಗೆದು, ಉಗುರಿನಷ್ಟು ಚೂರು ಮಾಡಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಹೆಚ್ಚು ನೀರು ಹಾಕಿ ಒರಳಿನಲ್ಲೋ ಮಿಕ್ಸಿಯಲ್ಲೋ ಗಂಜಿಯಂತೆ ರುಬ್ಬಿ. ಅಗಲವಾದ ಟಬ್ಬಿನಲ್ಲಿ ಅರ್ಧ ನೀರು ತುಂಬಿ, ಎರಡು ಹಿಡಿ ಮುದ್ದೆ ಹಾಕಿ ಕಲಕಿ.

ಹಳೆಯ ಫೋಟೋ ಚೌಕಟ್ಟಿಗೆ ಸೊಳ್ಳೆ ಪರದೆಯ ಬಟ್ಟೆಯನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದರೆ ಜರಡಿ ಸಿದ್ಧ. ಇದನ್ನು ನೀರಿನೊಳಗೆ ಓರೆಯಾಗಿ ಇಳಿಸಿ, ಅಡ್ಡ ಮಾಡಿ, ಅಲುಗದಂತೆ ಮೇಲೆತ್ತಿ. ನೀರು ಸೋರಿದ ಮೇಲೆ ಹಳೆಯ ಪಂಚೆಯ ತುಂಡಿನ ಮೇಲೆ ಬೋರಲು ಹಾಕಿ, ಹಿಂದಿನಿಂದ ಸ್ಪಂಜಿನಲ್ಲಿ ಒತ್ತಿ ಜರಡಿಯನ್ನು ತೆಗೆಯಿರಿ. ಮೇಲೊಂದು ಬಟ್ಟೆ ಹೊದಿಸಿ, ಹಲಗೆಯಿಟ್ಟು ಭಾರ ಹೇರಿ. ಮಾರನೆಯ ದಿನ ನೆರಳಿನಲ್ಲಿ ಒಣಗಿಸಿ ಬಿಡಿಸಿದರೆ ಹಾಳೆ ಕೈಗೆ ಬರುತ್ತದೆ. ಮುದ್ದೆಗೆ ಸಣ್ಣಗೆ ಕತ್ತರಿಸಿದ ತೆಂಗಿನ ನಾರು ಒಂದು ಚಿಟಿಕೆ ಬೆರೆಸಿದ್ದರೆ ಹಾಳೆಯಲ್ಲಿ ಹೊಂಬಣ್ಣದ ಗೆರೆಗಳು ಮೂಡುತ್ತವೆ. ಶಾಯಿ ಪೆನ್ನಿನಲ್ಲಿ ಬರೆದರೆ ಶಾಯಿ ಹರಡುತ್ತದೆ. ಅಕ್ಕಿಗಂಜಿಯ ತಿಳಿಯನ್ನು ತೆಳುವಾಗಿ ಸವರಿ ಒಣಗಿಸಿದರೆ ಹರಡುವುದು ಕಡಿಮೆಯಾಗುತ್ತದೆ.

ಇಲ್ಲಿ ಅಂಟು ಯಾವುದು?

ಅಂಟು ಹಾಕದೆ ಚೂರುಗಳು ಹಾಳೆಯಾದದ್ದು ಹೇಗೆ? ನಾರಿನ ಮುಖ್ಯ ವಸ್ತು ಸೆಲ್ಯುಲೋಸ್. ನೀರು ಆರುತ್ತಾ ಹೋದಂತೆ ನಾರುಗಳು ಒಂದಕ್ಕೊಂದು ಹತ್ತಿರ ಬಂದು, ಅವುಗಳ ಸೆಲ್ಯುಲೋಸ್ ಅಣುಗಳ ನಡುವೆ ಜಲಜನಕ ಬಂಧಗಳು ಏರ್ಪಡುತ್ತವೆ. ಒಂದೊಂದು ಬಂಧವೂ ದುರ್ಬಲ, ಆದರೆ ಎಣಿಕೆಗೆ ಸಿಗದಷ್ಟು ಬಂಧಗಳಿರುವುದರಿಂದ ಹಾಳೆ ಗಟ್ಟಿ. ಮತ್ತೆ ನೀರು ತಾಗಿದರೆ ಬಂಧ ಸಡಿಲವಾಗುತ್ತದೆ. ಮಳೆಯಲ್ಲಿ ನೆನೆದ ಕಾಗದ ಹರಿಯುವುದು, ನೆನೆದ ಹಗ್ಗ ಹರಿಯದಿರುವುದು ಇದರಿಂದಲೇ. ಹಗ್ಗವನ್ನು ಹಿಡಿದದ್ದು ತಿರುಚು, ಕಾಗದವನ್ನು ಹಿಡಿದದ್ದು ಈ ಬಂಧ.

ಹಾಗಾದರೆ ತೆಂಗಿನ ನಾರಿನಿಂದಲೇ ಹಾಳೆ ಮಾಡಬಾರದೇಕೆ? ಅದರಲ್ಲಿ ಲಿಗ್ನಿನ್ ಎಂಬ ಗಡಸು ವಸ್ತು ಬಹಳ. ನಾರಿನ ಕಂದು ಬಣ್ಣ, ಬಿರುಸು, ನೀರಿನಲ್ಲಿ ಬೇಗ ಕೊಳೆಯದ ಗುಣ ಎಲ್ಲಕ್ಕೂ ಅದರ ಪಾಲಿದೆ. ಅದನ್ನು ಬಿಡಿಸಲು ಕಾರ್ಖಾನೆಗಳಲ್ಲಿ ಕಾಸ್ಟಿಕ್ ಸೋಡದಂಥ ಕ್ಷಾರ ಹಾಕಿ ಬೇಯಿಸುತ್ತಾರೆ. ಅದು ಚರ್ಮವನ್ನು ಸುಡುತ್ತದೆ. ಮನೆಯಲ್ಲಿ ಯಾರೂ ಮಾಡಬಾರದು. ದಿನಪತ್ರಿಕೆಯ ಕಾಗದದಲ್ಲೂ ಲಿಗ್ನಿನ್ ಉಳಿದಿರುತ್ತದೆ. ಅರ್ಧ ಪತ್ರಿಕೆಯನ್ನು ರಟ್ಟಿನಿಂದ ಮುಚ್ಚಿ ಒಂದು ವಾರ ಬಿಸಿಲಿಗಿಟ್ಟು, ತೆರೆದ ಭಾಗದ ಬಣ್ಣ ನೋಡಿ.

ಇನ್ನೊಂದು ಪರೀಕ್ಷೆ: ದಿನಪತ್ರಿಕೆಯನ್ನು ಉದ್ದಕ್ಕೆ ಹರಿಯಿರಿ, ಆಮೇಲೆ ಅಡ್ಡಕ್ಕೆ. ಒಂದು ಕಡೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆ ಸೊಟ್ಟಗೆ. ಯಂತ್ರದಲ್ಲಿ ಓಡುವ ಕಾಗದದಲ್ಲಿ ಹೆಚ್ಚಿನ ನಾರುಗಳು ಓಡುವ ದಿಕ್ಕಿಗೇ ಮಲಗಿರುತ್ತವೆ. ಕೈಯಲ್ಲಿ ಮಾಡಿದ ಹಾಳೆ ಎರಡು ಕಡೆಯೂ ಸೊಟ್ಟಗೇ ಹರಿಯುತ್ತದೆ.

ಎರಡೂ ಸೇರಿದರೆ ಪುಸ್ತಕ

ನಾಲ್ಕು ಹಾಳೆಗಳನ್ನು ಮಡಿಸಿ, ಮಡಿಕೆಯಲ್ಲಿ ದಬ್ಬಳದಿಂದ ಮೂರು ರಂಧ್ರ ಮಾಡಿ. ಮೊದಲ ಪ್ರಯೋಗದಲ್ಲಿ ಮಾಡಿದ ಹತ್ತಿಯ ಹುರಿಯನ್ನು ಹೊರಗಿನಿಂದ ನಡುರಂಧ್ರದೊಳಕ್ಕೆ, ಅಲ್ಲಿಂದ ಮೇಲಿನ ರಂಧ್ರದಲ್ಲಿ ಹೊರಕ್ಕೆ, ಬೆನ್ನಿನ ಉದ್ದಕ್ಕೂ ಇಳಿಸಿ ಕೆಳಗಿನ ರಂಧ್ರದಲ್ಲಿ ಒಳಕ್ಕೆ, ಮತ್ತೆ ನಡುರಂಧ್ರದಿಂದ ಹೊರಕ್ಕೆ ತಂದು ಗಂಟು ಹಾಕಿ. ತೆಂಗಿನ ಹುರಿಯನ್ನು ಸುತ್ತಲೂ ಕಟ್ಟಿದರೆ ಪುಸ್ತಕ ಮುಚ್ಚಿ ಕೂರುತ್ತದೆ. ಮಿಕ್ಕ ಮುದ್ದೆಯನ್ನು ಚರಂಡಿಗೆ ಚೆಲ್ಲಬೇಡಿ, ಕಟ್ಟಿಕೊಳ್ಳುತ್ತದೆ. ಅದನ್ನೂ ಮಟ್ಟೆಯ ಪುಡಿಯನ್ನೂ ತೆಂಗಿನ ಪಾತಿಗೆ ಹಾಕಿ. ಆ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ.

ತಂದೆತಾಯಿಗಳಿಗೆ ಒಂದು ಮಾತು. ನೈಲಾನ್ ಹಗ್ಗ ಬರುವ ಮುನ್ನ ಕಣ್ಣಿ, ಮೂಗುದಾರಗಳನ್ನು ಕತ್ತಾಳೆ, ಪುಂಡಿ, ತೆಂಗಿನ ನಾರಿನಿಂದ ಮನೆಯಂಗಳದಲ್ಲೇ ಹೊಸೆಯುತ್ತಿದ್ದರು. ಹಾಗೆ ಹೊಸೆದ ಹಿರಿಯರು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಅಂಗೈಯಲ್ಲಿ ನಾರು ಓಡುವ ಬಗೆಯನ್ನು ಪುಸ್ತಕ ಓದಿ ಕಲಿಯುವುದು ಕಷ್ಟ. ಒಂದು ಮಧ್ಯಾಹ್ನ ಅಜ್ಜನ ಪಕ್ಕ ಕೂತರೆ ಬಂದುಬಿಡುತ್ತದೆ. ಮಕ್ಕಳು ಕಟ್ಟಿದ ಪುಸ್ತಕದ ಮೊದಲ ಪುಟದಲ್ಲಿ ಹುರಿ ಕಲಿಸಿದವರ ಹೆಸರು, ಅವರು ಯಾವ ನಾರಿನಿಂದ ಏನೇನು ಮಾಡುತ್ತಿದ್ದರು ಎಂಬುದನ್ನು ಕೇಳಿ ಬರೆಯಲಿ. ಶಾಲೆಗೆ ಒಯ್ಯಲು ಅದಕ್ಕಿಂತ ಒಳ್ಳೆಯ ಕೈಕೆಲಸ ಬೇಕಿಲ್ಲ.