ಗಾಯ ಒಣಗೂದು ಗುಳಿಗಿಯಿಂದಲ್ಲ

1/4
ದೋಸ್ತರ, ನಿಮ್ಮ ಮನ್ಯಾಗ ಯಾರಿಗಾದ್ರೂ ಹುಬ್ಬಳ್ಳ್ಯಾಗ ಪಿತ್ತಕೋಶದ ಲ್ಯಾಪ್ರೋಸ್ಕೋಪಿ ಆಗಿದ್ರ ಡಿಸ್ಚಾರ್ಜ್ ಚೀಟಿ ತಗದು ನೋಡ್ರಿ. ಹೊಲಿಗಿ ಹಾಕಿ ಮನಿಗೆ ಕಳಿಸಿದ ಮ್ಯಾಲೂ ಐದೋ ಏಳೋ ದಿನ ಆಂಟಿಬಯೋಟಿಕ್ ಬರದಾರೇನು? "ಗಾಯ ಕೀವಾಗಬಾರದು ಅಂತ" ಅಂದಿರ್ತಾರ. ಆ ಮಾತಿನ ಜೊತಿಗೇ ನನ್ನ ಜಗಳ.

ಈ ಆಪರೇಷನ್‌ದಾಗ ಹೊಟ್ಟಿಗೆ ಮೂರ್ನಾಕು ಸಣ್ಣ ತೂತು ಅಷ್ಟ. ಉದ್ದಕ ಕೊಯ್ಯೂ ಹಳೇ ಆಪರೇಷನ್‌ಗಿಂತ ಇದರಾಗ ಗಾಯದ ಸೋಂಕು ಭಾಳ ಕಡಿಮಿ.

2/4
ಆಪರೇಷನ್ ಹೊತ್ತಿಗೆ ಕೊಡೂ ಡೋಸ್ ಬಗ್ಗೆ ನಾ ಏನೂ ಅನ್ನಾಂಗಿಲ್ಲ. ಅದರ ಬಗ್ಗೆ ಡಾಕ್ಟರುಗಳ ವಾದ ಇನ್ನೂ ಮುಗದಿಲ್ಲ. 2010ರ ಕಾಕ್ರೇನ್ ಪರಿಶೀಲನೆ 11 ಪ್ರಯೋಗ ಸೇರಿಸಿ ನೋಡಿ, ಕೊಡಬೇಕು ಅನ್ನಾಕೂ ಬ್ಯಾಡ ಅನ್ನಾಕೂ ಪುರಾವೆ ಸಾಲದು ಅಂತು. 2014ರಾಗ ಜಪಾನಿನ ಸಾವಿರಕ್ಕೂ ಹೆಚ್ಚು ರೋಗಿಗಳ ಪ್ರಯೋಗದಾಗ ಔಷಧ ಕೊಟ್ಟವರಿಗೆ ಸೋಂಕು ಕಡಿಮಿ ಬಂತು. ಇರ್ಲಿ.

ಆದ್ರ ಮನಿಗೆ ಬಂದ ಮ್ಯಾಲಿನ ಗುಳಿಗಿ? ವಿಶ್ವ ಆರೋಗ್ಯ ಸಂಸ್ಥೆ 2016ರಾಗ ನೇರ ಹೇಳೇತಿ: ಮುಂಜಾಗ್ರತೆಗೆ ಕೊಡೂದಿದ್ರ ಕೊಯ್ಯೂದಕ್ಕ ಮೊದಲಿನ 120 ನಿಮಿಷದೊಳಗ ಕೊಡಬೇಕು, ಆಪರೇಷನ್ ಮುಗದ ಮ್ಯಾಲೆ ಮುಂದುವರಿಸಬಾರದು. ಚಾಕು ತಾಗೂ ಹೊತ್ತಿಗೆ ಔಷಧ ರಕ್ತದಾಗ ಇರಬೇಕು, ಕೆಲಸ ಅಲ್ಲೇ.

3/4
ಇದನ್ನ ಗಮನ ಇಟ್ಟು ಓದ್ರಿ. ಲ್ಯಾಪ್ರೋಸ್ಕೋಪಿ ಆಗಿ ಮೂರ್ನಾಕು ವಾರ ಕಳದು, ಎಲ್ಲಾ ಒಣಗೇತಿ ಅನ್ನೂವಾಗ ತೂತಿನ ಜಾಗದಾಗ ಗಂಟಾಗಿ ಕೀವು ಸೋರಿದ ಕೇಸುಗಳನ್ನ ನಮ್ಮ ದೇಶದ ಸರ್ಜನ್ನರೇ ವೈದ್ಯಕೀಯ ಪತ್ರಿಕೆಗಳಾಗ ಬರದಾರ. ಕಾರಣ ಟಿಬಿ ರೋಗಾಣುವಿನ ಕುಲದ ಮೈಕೋಬ್ಯಾಕ್ಟೀರಿಯಾ. ನೀರಿನ್ಯಾಗ, ಮಣ್ಣಿನ್ಯಾಗ ಇರ್ತಾವ. ಮಾಮೂಲಿ ಗುಳಿಗಿಗೆ ಬಗ್ಗಾಂಗಿಲ್ಲ, ತಿಂಗಳಗಟ್ಟಲೆ ಬ್ಯಾರೆ ಔಷಧ ತಗೋಬೇಕು. ಒಳಗ ಹೆಂಗ ಹೋದ್ವು? ಬಿಚ್ಚಿ ನೆಟ್ಟಗ ತೊಳೀದ, ಕೆಮಿಕಲ್‌ನ್ಯಾಗ ಸ್ವಲ್ಪ ಹೊತ್ತು ಅದ್ದಿ, ನಳದ ನೀರಿಗೆ ಹಿಡದು ಮುಂದಿನ ರೋಗಿಗೆ ಬಳಸಿದ ಸಾಮಾನಿನ ಜೊತಿಗೆ.

ಅಲ್ಲಿ ಉಳಿಸಿದ ಖರ್ಚನ್ನ ಏಳು ದಿನದ ಗುಳಿಗಿ ತುಂಬಿಕೊಡಾಂಗಿಲ್ಲ. ನಾ ಬಿಕಾಂ ಓದಾಕತ್ತೇನಿ, ಡಾಕ್ಟರ್ ಅಲ್ಲ. ಆದ್ರ ಒಬ್ಬರ ಖರ್ಚು ಇನ್ನೊಬ್ಬರ ಖಾತೆಗೆ ಬರಿಯೂದು ನಂಗ ಗೊತ್ತಾಗ್ತೈತಿ.

4/4
"ಬರೇ ನೋವಿನ ಗುಳಿಗಿ ಕೊಟ್ಟು ಕಳಿಸಿದ, ಅವಗೇನ್ ಬರ್ತೈತಿ" ಅನ್ನೂ ಮಂದಿ ಊರ ತುಂಬ ಅದಾರ. ಅವರಿಗೆ ಹೆದರಿ ಬರಿಯೂ ಡಾಕ್ಟರೂ ಇರಬೇಕು. ಸೆಫಿಕ್ಸಿಮ್‌ನಂಥ ಔಷಧ 2014ರಿಂದ ಷೆಡ್ಯೂಲ್ ಎಚ್1ರಾಗ ಐತಿ, ಚೀಟಿ ಇಲ್ಲದ ಮಾರಂಗಿಲ್ಲ, ಅಂಗಡ್ಯಾಂವ ಬ್ಯಾರೆ ರಿಜಿಸ್ಟರ್ ಇಡಬೇಕು. ಸುಮ್ಮಸುಮ್ಮನ ನುಂಗಿದ್ರ ಹೊಟ್ಟ್ಯಾಗಿನ ರೋಗಾಣು ಆ ಔಷಧಕ್ಕ ಪಳಗತಾವ, ನಾಳೆ ಖರೇನ ಬೇಕಾದಾಗ ಅದು ಕೆಲಸ ಮಾಡಾಂಗಿಲ್ಲ.

ತಪ್ಪು ತಿಳ್ಕೋಬ್ಯಾಡ್ರಿ. ಪಿತ್ತಕೋಶ ಮೊದಲ ಉರಿ ಹತ್ತಿದ್ರ, ಕೀವು ತುಂಬಿದ್ರ ಅದು ಚಿಕಿತ್ಸೆ, ಪೂರ್ತಿ ತಗೋಬೇಕು. ನನ್ನ ಪೋಸ್ಟ್ ನೋಡಿ ಯಾರೂ ಗುಳಿಗಿ ಬಿಡಬ್ಯಾಡ್ರಿ. ಆಪರೇಷನ್‌ಗೆ ಮೊದಲ ಎರಡು ಮಾತು ಕೇಳ್ರಿ: "ಸರ್, ಸಾಮಾನು ಹೆಂಗ ಸ್ಟೆರಿಲೈಜ್ ಮಾಡ್ತೀರಿ? ಆಮ್ಯಾಲಿನ ಆಂಟಿಬಯೋಟಿಕ್ ಯಾಕ?"

ಚೀಟಿ ಫೋಟೋ ಕಾಮೆಂಟಿಗೆ ಹಾಕಬ್ಯಾಡ್ರಿ, ಹೆಸರಿರ್ತಾವ. ಎಷ್ಟು ದಿನದ್ದು ಬರದಿದ್ರು, ಅಷ್ಟ ಹೇಳ್ರಿ.

#ತಡಸ #ಆಂಟಿಬಯೋಟಿಕ್