ಒಂದೇ ಗಣಕ, ಎರಡು ವ್ಯವಸ್ಥೆ: ಹೊಣೆ ಯಾರದು?

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ವಿಂಡೋಸ್ 11ಕ್ಕೆ ಏರಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಬಹುಮಟ್ಟಿಗೆ 2017ರ ಅನಂತರದ ಪ್ರೊಸೆಸರ್ ಕೂಡ ಅಗತ್ಯ. ಯಂತ್ರ ಗಟ್ಟಿಯಾಗಿದ್ದರೂ ಹಳೆಯದೆಂಬ ಕಾರಣಕ್ಕೆ ಮೂಲೆ ಸೇರಬೇಕೆ ಎಂಬ ಪ್ರಶ್ನೆಗೆ ಹಲವರು ಕಂಡುಕೊಂಡಿರುವ ಉತ್ತರವೆಂದರೆ ಲಿನಕ್ಸ್. ವಿಂಡೋಸನ್ನು ಪೂರ್ತಿ ತೊರೆಯುವ ಧೈರ್ಯವಿಲ್ಲದವರು ಎರಡನ್ನೂ ಒಂದೇ ಡಿಸ್ಕಿನಲ್ಲಿ ಇರಿಸಿಕೊಳ್ಳುತ್ತಾರೆ. ತೊಡಕು ಆರಂಭವಾಗುವುದು ಇಲ್ಲಿಯೇ.

ಆನೆ ಬಿಡಾರದಿಂದ ಹೆಸರಾದ ಸಕ್ರೆಬೈಲು ಶಿವಮೊಗ್ಗದಿಂದ ಸುಮಾರು 14 ಕಿ.ಮೀ. ದೂರದಲ್ಲಿದೆ. ಇಂತಹ ಊರಿನಲ್ಲಿ ಗಣಕಯಂತ್ರ ಕೈಕೊಟ್ಟರೆ ಅದನ್ನು ನಗರಕ್ಕೆ ಹೊತ್ತೊಯ್ಯದೆ ಬೇರೆ ದಾರಿಯಿಲ್ಲ. ಆದುದರಿಂದ ನಗರದ ಬಳಕೆದಾರನಿಗೆ ಸಣ್ಣದೆನಿಸುವ ತೊಂದರೆಯೂ ಇಲ್ಲಿ ಒಂದು ದಿನದ ಕೆಲಸವನ್ನೇ ನುಂಗಿಬಿಡುತ್ತದೆ.

ಎದುರಾಗುವ ತೊಂದರೆಗಳಾದರೂ ಎಂಥವು? ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಚಾಲನೆಯಲ್ಲಿದ್ದರೆ, ಯಂತ್ರವನ್ನು ಆರಿಸಿದಂತೆ ಕಂಡರೂ ಅದು ಡಿಸ್ಕನ್ನು ಪೂರ್ಣವಾಗಿ ಬಿಟ್ಟುಕೊಟ್ಟಿರುವುದಿಲ್ಲ. ಆಗ ಲಿನಕ್ಸಿನಿಂದ ಆ ಭಾಗದಲ್ಲಿರುವ ಕಡತಗಳನ್ನು ಓದಬಹುದೇ ಹೊರತು ತಿದ್ದಲಾಗದು. ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ, ಬೂಟ್ ವ್ಯವಸ್ಥೆ ಬದಲಾದುದನ್ನು ಕಂಡು ವಿಂಡೋಸ್ 48 ಅಂಕಿಗಳ ಕೀಲಿಯನ್ನು ಕೇಳಬಹುದು. ಅದನ್ನು ಬರೆದಿಟ್ಟುಕೊಂಡವರು ಎಷ್ಟು ಮಂದಿ?

ಬಳಕೆದಾರನ ತಪ್ಪೇ ಇಲ್ಲದೆಯೂ ಸಂಕಟ ಒದಗುವುದುಂಟು. 2024ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಭದ್ರತಾ ನವೀಕರಣದ ತರುವಾಯ ಎರಡೂ ವ್ಯವಸ್ಥೆಗಳಿದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸ್ ತೆರೆದುಕೊಳ್ಳಲೇ ಇಲ್ಲ. ಇಂತಹ ಯಂತ್ರಗಳಿಗೆ ಆ ನಿರ್ಬಂಧ ಅನ್ವಯವಾಗಬಾರದೆಂಬುದು ಮೈಕ್ರೋಸಾಫ್ಟಿನ ಉದ್ದೇಶವಾಗಿದ್ದರೂ, ಹಲವು ಯಂತ್ರಗಳಲ್ಲಿ ಲಿನಕ್ಸ್ ಇರುವುದನ್ನು ಆ ನವೀಕರಣ ಗುರುತಿಸಲಿಲ್ಲ. ಸಮಸ್ಯೆ ಪೂರ್ಣವಾಗಿ ಬಗೆಹರಿದುದು 2025ರ ಮೇ ತಿಂಗಳಲ್ಲಿ.

ಹಾಗೆಂದು ದೋಷವೆಲ್ಲ ಒಂದೇ ಕಡೆಯದಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷಗಳ ಸಾಮಾನ್ಯ ಬೆಂಬಲವಿದೆ. 20.04 ಆವೃತ್ತಿಯ ಅವಧಿ 2025ರ ಮೇ ತಿಂಗಳಲ್ಲಿ ಮುಗಿಯಿತು. ಅಲ್ಲಿಂದ 24.04ಕ್ಕೆ ನೇರ ಹಾದಿಯಿಲ್ಲ, ನಡುವೆ 22.04ನ್ನು ದಾಟಲೇಬೇಕು. ಎರಡು ಬಾರಿ ಬೃಹತ್ ಗಾತ್ರದ ಕಡತಗಳನ್ನು ಇಳಿಸಿಕೊಳ್ಳಬೇಕು. ಮಲೆನಾಡಿನ ಮಳೆಗಾಲದಲ್ಲಿ ನವೀಕರಣದ ನಡುವೆಯೇ ವಿದ್ಯುತ್ ಹೋದರೆ, ಅರ್ಧ ಹಳೆಯದು ಅರ್ಧ ಹೊಸದಾದ ವ್ಯವಸ್ಥೆಯೊಂದು ಕೈಯಲ್ಲಿ ಉಳಿಯುತ್ತದೆ.

ಇಷ್ಟೆಲ್ಲ ಪಾಡುಪಟ್ಟು ವಿಂಡೋಸನ್ನು ಏಕೆ ಉಳಿಸಿಕೊಳ್ಳಬೇಕು? ಕನ್ನಡಿಗನ ಮಟ್ಟಿಗೆ ಇದಕ್ಕೆ ದೊಡ್ಡ ಕಾರಣ ಹಳೆಯ ಕಡತಗಳು. ಸರ್ಕಾರಿ ಕಚೇರಿ, ಶಾಲೆ, ಡಿಟಿಪಿ ಕೇಂದ್ರಗಳಲ್ಲಿ ವರ್ಷಗಟ್ಟಲೆ ನುಡಿಯ ಆಸ್ಕಿ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪತ್ರಗಳು, ಪ್ರಶ್ನೆಪತ್ರಿಕೆಗಳು, ಪುಸ್ತಕಗಳು ರಾಶಿಬಿದ್ದಿವೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಕರ್ನಾಟಕ ಸರ್ಕಾರ ಯುನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ. ಆದರೂ ಹಳೆಯ ರಾಶಿಯ ಪರಿವರ್ತನೆ ಬಹುತೇಕ ಬಳಕೆದಾರರ ತಲೆಗೇ ಬಿತ್ತು. ಲಿನಕ್ಸಿನಲ್ಲಿ ನುಡಿಯ ಕಗಪ ಕೀಲಿವಿನ್ಯಾಸವೇ ದೊರೆಯುತ್ತದೆ. ಹೊಸದಾಗಿ ಕನ್ನಡ ಬರೆಯುವುದಕ್ಕೆ ಅಡ್ಡಿಯಿಲ್ಲ; ಅಡ್ಡಿಯಿರುವುದು ಹಿಂದೆ ಬರೆದುದನ್ನು ಜೊತೆಗೆ ಒಯ್ಯುವುದಕ್ಕೆ.

ನೆರೆಯ ಕೇರಳದ ಮಾದರಿ ಇಲ್ಲಿ ಉಲ್ಲೇಖನೀಯ. ಅಲ್ಲಿನ ಐಟಿ ಅಟ್ ಸ್ಕೂಲ್ ಯೋಜನೆ ಮತ್ತು ಅದರ ಉತ್ತರಾಧಿಕಾರಿಯಾದ ಕೈಟ್ ಸಂಸ್ಥೆ ಉಬುಂಟು ಆಧಾರಿತ ವ್ಯವಸ್ಥೆಯನ್ನು ಶಾಲೆಗಳಿಗೆ ಸಿದ್ಧಪಡಿಸಿ ನೀಡಿ, ಶಿಕ್ಷಕರಿಗೆ ತರಬೇತಿಯನ್ನೂ ಕೊಟ್ಟಿವೆ. ಕಾಸರಗೋಡಿನ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳೂ ಅದೇ ವ್ಯವಸ್ಥೆಯ ಭಾಗ. ಅಲ್ಲಿ ಗೆದ್ದದ್ದು ಲಿನಕ್ಸ್ ಸುಲಭವೆಂಬ ಕಾರಣದಿಂದಲ್ಲ; ಅದರ ನಿರ್ವಹಣೆಯ ಹೊಣೆಯನ್ನು ಒಂದು ಸಂಸ್ಥೆ ಹೊತ್ತುಕೊಂಡ ಕಾರಣದಿಂದ.

ಅಂತಹ ಆಸರೆ ಇಲ್ಲಿ ದೊರೆಯುವವರೆಗೆ ಬಳಕೆದಾರ ತಾನೇ ಎಚ್ಚರ ವಹಿಸಬೇಕು. ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ಇರಿಸಬೇಕು, ಬಿಟ್‌ಲಾಕರ್ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು, ಸಾಧ್ಯವಾದರೆ ಎರಡು ವ್ಯವಸ್ಥೆಗಳಿಗೆ ಎರಡು ಪ್ರತ್ಯೇಕ ಡಿಸ್ಕುಗಳನ್ನು ಬಳಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹಳೆಯ ಕಡತಗಳನ್ನು ಈಗಲೇ ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಆ ಕೆಲಸ ಮುಗಿದ ದಿನ ಎರಡನೆಯ ವ್ಯವಸ್ಥೆಯ ಅಗತ್ಯವೇ ಅನೇಕರಿಗೆ ಉಳಿಯಲಾರದು.