ಪ್ರತಿಯಲ್ಲಿ ಉಳಿದ ಅಫ್ರೊಡೈಟಿ, ಪ್ರತಿಯಿಲ್ಲದ ರತಿ

ಹಾವೇರಿ: ಹೋಳಿಯ ದಿನಗಳಲ್ಲಿ ರಾಣೆಬೆನ್ನೂರಿನ ವೇದಿಕೆಯ ಮೇಲೆ ರತಿ-ಮನ್ಮಥರು ಕುಳಿತಿರುತ್ತಾರೆ. ಅವು ಮಣ್ಣಿನ ಅಥವಾ ಮರದ ಬೊಂಬೆಗಳಲ್ಲ, ವೇಷ ತೊಟ್ಟ ಮನುಷ್ಯರು. ನೆರೆದವರು ಹಾಸ್ಯದ ಮಾತು, ಅಣಕು, ಅಂಗಚೇಷ್ಟೆಗಳಿಂದ ಅವರನ್ನು ನಗಿಸಲು ಹೆಣಗುತ್ತಾರೆ. ನಗಿಸಿದವರಿಗೆ ಬಹುಮಾನ. ರತಿ ಮಾತ್ರ ಕಲ್ಲಿನಂತೆ ಕುಳಿತಿರಬೇಕು.

ಕಲ್ಲಿನ ಪ್ರೇಮದೇವತೆಯ ಮಾತು ಬಂದಾಗ ಜಗತ್ತು ನೆನೆಯುವುದು ಗ್ರೀಕರ ಅಫ್ರೊಡೈಟಿಯನ್ನು. ಕ್ರಿ.ಪೂ. 4ನೇ ಶತಮಾನದಲ್ಲಿ ಶಿಲ್ಪಿ ಪ್ರಾಕ್ಸಿಟೆಲೀಸ್ ಅಮೃತಶಿಲೆಯಲ್ಲಿ ದೇವಿಯನ್ನು ನಗ್ನಳಾಗಿ ಕಡೆದ. ಕಾಸ್ ದ್ವೀಪದವರು ಅದನ್ನು ಒಲ್ಲದೆ ವಸ್ತ್ರ ಧರಿಸಿದ ವಿಗ್ರಹವನ್ನು ಆರಿಸಿಕೊಂಡರು. ನಗ್ನ ವಿಗ್ರಹವನ್ನು ನೈಡಸ್ ನಗರದವರು ಕೊಂಡರು. ಅದನ್ನು ನೋಡಲೆಂದೇ ಜನ ಹಡಗೇರಿ ಬರುತ್ತಿದ್ದರು. ಆ ವಿಗ್ರಹವನ್ನು ಕೊಟ್ಟರೆ ನಗರದ ಸಾಲವನ್ನೆಲ್ಲ ತೀರಿಸುವುದಾಗಿ ರಾಜ ನಿಕೊಮೆಡಿಸ್ ಹೇಳಿದರೂ ನಗರ ಒಪ್ಪಲಿಲ್ಲವೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಇಷ್ಟಾಗಿಯೂ ಮೂಲ ವಿಗ್ರಹ ಉಳಿಯಲಿಲ್ಲ. ಅದರ ರೂಪ ಇಂದು ತಿಳಿದಿರುವುದು ರೋಮನ್ನರ ಕಾಲದ ಪ್ರತಿಗಳಿಂದ. 1820ರಲ್ಲಿ ಮಿಲೊಸ್ ದ್ವೀಪದಲ್ಲಿ ರೈತನೊಬ್ಬನಿಗೆ ಸಿಕ್ಕ 'ವೀನಸ್ ಡಿ ಮಿಲೊ' ಕೈಗಳಿಲ್ಲದೆಯೇ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದಕ್ಕೆ ಪ್ರವಾಸಿಗರು ಇದ್ದಾರೆ, ಪೂಜೆ ಇಲ್ಲ.

ಹಾವೇರಿಯ ಪರಿಸ್ಥಿತಿ ಇದಕ್ಕೆ ತಿರುಗುಮುರುಗು. ಇಲ್ಲಿ ದೇವತೆ ಇನ್ನೂ ಬೀದಿಯಲ್ಲಿದ್ದಾಳೆ. ಕಲ್ಲಿನಲ್ಲಿಯೂ ಪ್ರಣಯದ ರೂಪಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ತುಂಗಭದ್ರೆಯ ಆಚೆ ದಡದ ಕುರುವತ್ತಿಯಲ್ಲಿ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರು ಬೇಲೂರಿನ ಮದನಿಕೆಯರಿಗೆ ಹಿರಿಯರು. ಹಾವೇರಿಯ ಸಿದ್ಧೇಶ್ವರ ದೇವಾಲಯ ಚಾಲುಕ್ಯ ಕಾಲದ ಬಳಪದ ಕಲ್ಲಿನ ಕೆಲಸ. ಇಂಥ ಕಟ್ಟಡಗಳನ್ನು ಕಾಯಲು 1958ರ ಕೇಂದ್ರ ಕಾಯಿದೆಯೂ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ಇವೆ. ಕಾವಲು ಸಾಲದು ಎಂಬ ದೂರು ಬೇರೆ ಮಾತು, ಕಾಯಿದೆಯಾದರೂ ಇದೆ.

ರಾಣೆಬೆನ್ನೂರಿನ ರತಿಗೆ ಆ ಕಾಯಿದೆ ತಗಲುವುದಿಲ್ಲ. ಹಬ್ಬ ಮುಗಿದ ಮೇಲೆ ವೇಷ ಕಳಚುತ್ತದೆ, ಉಳಿಯುವುದು ನೆನಪು ಮಾತ್ರ. ಆಕೆಯ ಹಿಂದಿರುವ ಕಥೆಯಾದರೂ ಸಣ್ಣದಲ್ಲ. ಶಿವನ ಹಣೆಗಣ್ಣಿಗೆ ಗಂಡ ಸುಟ್ಟುಹೋದ ಮೇಲೆ ಗೋಳಾಡಿದವಳು ಅವಳು. ಹರಿಹರನ 'ಗಿರಿಜಾಕಲ್ಯಾಣ' ಆ ದುಃಖವನ್ನು ಹೇಳಿದೆ. ಸುಟ್ಟವನು ಪ್ರದ್ಯುಮ್ನನಾಗಿ ಮರಳಿ ಹುಟ್ಟುವ ಕಥೆ ಇದೇ ಜಿಲ್ಲೆಯ ಬಾಡದ ಕನಕದಾಸರ 'ಮೋಹನತರಂಗಿಣಿ'ಗೂ ವಸ್ತು. ಗಂಡನ ದಹನದ ಹಬ್ಬದಲ್ಲಿ ನಗಬಾರದೆಂದು ಕುಳಿತ ರತಿಯ ಮುಖದಲ್ಲಿ ಆ ಗಾಂಭೀರ್ಯವನ್ನು ಕಾಣುವುದು ಅತಿಯೆನಿಸಲಾರದು.

ಜೀವಂತ ಆಚರಣೆಗಳಿಗಾಗಿ ಯುನೆಸ್ಕೊ 2003ರಲ್ಲಿ ಪ್ರತ್ಯೇಕ ಒಡಂಬಡಿಕೆ ರೂಪಿಸಿತು. ಭಾರತ 2005ರಲ್ಲಿ ಅದನ್ನು ಅನುಮೋದಿಸಿತು. ಕೋಲ್ಕತ್ತದ ದುರ್ಗಾಪೂಜೆ 2021ರಲ್ಲಿ ಅದರ ಪಟ್ಟಿ ಸೇರಿತು. ರಾಣೆಬೆನ್ನೂರಿಗೆ ಅಷ್ಟು ದೂರದ ಮನ್ನಣೆ ತುರ್ತಿನದೇನಲ್ಲ. ತುರ್ತಾಗಿ ಬೇಕಾದುದು ದಾಖಲೆ: ವೇಷ ಕಟ್ಟುವ ಕ್ರಮ, ಹೊತ್ತುಗಟ್ಟಲೆ ಅಲುಗದೆ ಕೂರುವ ಅಭ್ಯಾಸ, ನಗಿಸಲು ಬಂದವರ ಮಾತುಗಳು, ಸೋಲು-ಗೆಲುವು ನಿರ್ಧರಿಸುವ ಬಗೆ. ಹೋಳಿಯ ಮಾತುಗಳಲ್ಲಿ ಅಶ್ಲೀಲವೂ ಇರುತ್ತದೆಂದು ಅದನ್ನು ಬಿಟ್ಟು ಬರೆದುಕೊಂಡರೆ ದಾಖಲೆ ಅರ್ಧವಾಗುತ್ತದೆ. ನಗ್ನತೆಗೆ ಹಿಂಜರಿದ ಕಾಸ್ ದ್ವೀಪದವರು ಕೊಂಡ ವಿಗ್ರಹವನ್ನು ಇಂದು ಕೇಳುವವರು ಅಪರೂಪ.

ಈ ಕೆಲಸಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ಕ್ಯಾಮೆರಾ, ಹಿರಿಯ ವೇಷಧಾರಿಗಳೊಡನೆ ಕೆಲವು ಸಂಜೆ ಸಾಕು. ಮುಂದಿನ ಹೋಳಿಗೆ ಮುನ್ನ ಜಿಲ್ಲೆಯ ಕಾಲೇಜೊಂದು ಇದನ್ನು ಕೈಗೆತ್ತಿಕೊಳ್ಳಬಹುದು.